ತಾತ ಯಾರ ಸಿಪಾಯಿ?

ನಮ್ಮ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿದ್ದರು ಅಂದರೆ ಸ್ನೇಹಿತರು ಕೇಳೋದು ಒಂದೇ: ‘ಬ್ರಿಟಿಷರ ಪರವಾಗಿಯಾ?’ 1942ರಲ್ಲಿ ಜನ ಜೈಲಿಗೆ ಹೋಗುತ್ತಿದ್ದಾಗ ಸೈನ್ಯಕ್ಕೆ ಸೇರಿದ್ದು ತಪ್ಪಾ?

ದಾಖಲೆ ಹುಡುಕಲು ಹೊರಟರೆ ಹೆಸರಿಗಿಂತ ಮುಖ್ಯ ಸೈನ್ಯದ ನಂಬರ್. ಆಮೇಲೆ ಊರು. ನಮ್ಮದು ಹನೂರು. 1956ರವರೆಗೆ ಹನೂರು, ಕೊಳ್ಳೇಗಾಲ ಎಲ್ಲ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಪಕ್ಕದಲ್ಲೇ ಇರುವ, ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರು ಸಂಸ್ಥಾನ. ಅಲ್ಲಿ ಹುಟ್ಟಿದ್ದರೆ ತಾತ ಮಹಾರಾಜರ ಪಡೆ ಸೇರುತ್ತಿದ್ದರೇನೋ. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಫಾರ್ವರ್ಡ್ ಮಾಡ್ತೀವಿ. ಅವರು ಕಾದಿದ್ದೂ ಬ್ರಿಟಿಷರ ಪರವಾಗಿಯೇ! ಒಂದು ಗಡಿ ದಾಟಿದರೆ ಹೆಮ್ಮೆ, ಈಚೆ ಇದ್ದರೆ ಮುಜುಗರ?

ಸೈನ್ಯದ ಹಾಳೆಯಲ್ಲಿ ಅಪ್ಪನ ಹೆಸರು, ಜಾತಿ, ಎತ್ತರ, ಮಚ್ಚೆ ಎಲ್ಲಕ್ಕೂ ಜಾಗವಿದೆ. ‘ಯಾಕೆ ಸೇರಿದೆ?’ ಅನ್ನೋದಕ್ಕೆ ಇಲ್ಲ. ಅದು ಗೊತ್ತಿಲ್ಲದೆ ತೀರ್ಪು ಕೊಡೋದು ಹೇಗೆ?

ಹಾಗಂತ ಪ್ರಶ್ನೆಯೇ ತಪ್ಪು ಅಂತಲ್ಲ. ಆಫರ್ ಲೆಟರ್‌ಗೆ ಸಹಿ ಹಾಕುವಾಗ ನಮ್ಮ ದುಡಿಮೆಯ ಲಾಭ ಕೊನೆಗೆ ಯಾರ ಕೈ ಸೇರುತ್ತೆ ಅಂತ ನಾವೆಷ್ಟು ಜನ ಕೇಳಿದ್ದೀವಿ? ತಾತನಿಗೆ ಕೇಳುವ ಪ್ರಶ್ನೆಯನ್ನ ನಮಗೂ ಕೇಳಿಕೊಂಡರೆ ಅದು ನ್ಯಾಯ. ಇಲ್ಲದಿದ್ದರೆ ಬರೀ ಜಂಬ.