ಕೋಟೆಯ ಕಲ್ಲು ಯಾರದು?

ಆದವಾನಿಯ ಜಾಮಿಯಾ ಮಸೀದಿ ಕಟ್ಟಿಸಿದವನು ಬಿಜಾಪುರದ ಸರದಾರ ಸಿದ್ದಿ ಮಸೂದ್ ಖಾನ್. 1688ರಲ್ಲಿ ಕೋಟೆ ಮೊಗಲರ ಪಾಲಾಯಿತು, ಆಮೇಲೆ ನಿಜಾಮರದು, 1800ರಲ್ಲಿ ಕುಂಪಣಿಯದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 1953ರಲ್ಲಿ ಆಂಧ್ರಕ್ಕೆ ಸೇರಿತು. ಒಡೆಯರು ಇಷ್ಟು ಬದಲಾದರೂ ಮಸೀದಿ ನಿಂತೈತಿ. ಯಾಕಂದ್ರ ದಿನಾ ಐದು ಹೊತ್ತು ಜನ ಬರ್ತಾರ, ಸೋರಿದರೆ ಸರಿಮಾಡ್ತಾರ. ಬೆಟ್ಟದ ಮೇಲಿನ ಕೋಟೆಗೆ ಆ ಪುಣ್ಯ ಇಲ್ಲ.

ದಿಕ್ಕಿಲ್ಲದ ಇಂಥ ಕಟ್ಟಡ ಕಾಯಲಿಕ್ಕೆ ಕಾನೂನು ಬೇಕೇ ಬೇಕು. ಕೇಂದ್ರದ ಪಟ್ಟಿಗೆ ಸೇರಿದ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿನವರೆಗೆ ಅಪ್ಪಣೆ ಬೇಕು ಎನ್ನುತ್ತದೆ 2010ರ ತಿದ್ದುಪಡಿ. ಒಳ್ಳೇದೇ. ಆದರೆ ಮಗನ ಮದುವೆಗೆ ಮಾಳಿಗೆ ಮೇಲೆ ಒಂದು ಕೋಣೆ ಏರಿಸಬೇಕೆನ್ನುವ ಮನುಷ್ಯ ಏನು ಮಾಡಬೇಕು? ಹೆಮ್ಮೆ ಊರಿಗೆಲ್ಲ, ತೊಂದರೆ ಅವನೊಬ್ಬನಿಗೆ. ನೋಡಲು ಬಂದವರು ಸಂಜೆಗೆ ಬಸ್ಸು ಹತ್ತುತ್ತಾರೆ. ಅವನಿಗೆ ಬೇರೆ ಕಡೆ ಜಾಗ ಕೊಡಬೇಕು, ಅದರ ಖರ್ಚು ನಾವೆಲ್ಲ ಹೊರಬೇಕು ಅಂತ ಕಟ್ಟೆ ಮೇಲೆ ಕೂತು ವಾದಿಸಿದೆ.

ವಾದಿಸಿ ಮನೆಗೆ ಬಂದರೆ ಬಚ್ಚಲ ಪಕ್ಕ ನಮ್ಮ ಒಗೆಯೋ ಕಲ್ಲು. ಅದರ ಅಂಚಿಗೆ ಅರ್ಧ ಕಮಲ ಐತಿ. ಮುತ್ತಜ್ಜ ಕೋಟೆಯಿಂದ ಬಂಡಿ ಮೇಲೆ ತಂದದ್ದಂತೆ. "ಬಿದ್ದ ಕಲ್ಲು ತಂದಾನ, ಕಿತ್ತು ತಂದಿಲ್ಲ" ಅಂತಿದ್ದಳು ಅವ್ವ. ಬಿದ್ದದ್ದೋ, ಬೀಳಿಸಿದ್ದೋ, ಯಾರು ಕಂಡಾರ? ಆ ಮಾತು ಇಷ್ಟು ವರ್ಷ ನನಗೂ ಸಾಕಾಗಿತ್ತು. ತಿರುಗಿ ಒಯ್ದು ಇಡೋಣಂದ್ರ ಯಾವ ಗೋಡೆಯದು ಅಂತ ತಿಳಿಯದು. ಸದ್ಯಕ್ಕೆ ಅದರ ಮೇಲೆ ಬಟ್ಟೆ ಒಗೆಯೋದು ಬಿಟ್ಟೀವಿ.