ದೆಹಲಿಯ ಚಳಿ ಮತ್ತು ಒಂದು ಕೆಂಪು ಕಾರು

ಡಿಸೆಂಬರ್‌ನಲ್ಲಿ ಕಾರು ಓಡಿಸಬೇಕೋ ಬೇಡವೋ ಅನ್ನುವುದೂ ಒಂದು ಪ್ರಶ್ನೆಯೇ ಎಂದು ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕುಳಿತು ಓದುತ್ತಿರುವ ನಿಮಗೆ ಅನ್ನಿಸಬಹುದು. ನಮ್ಮೂರ ಚಳಿ ಅಂದರೆ ಒಂದು ಸ್ವೆಟರು, ಒಂದು ಲೋಟ ಬಿಸಿ ಕಾಫಿ, ಅಷ್ಟೆ. ದೆಹಲಿಯಲ್ಲಿ ಹಾಗಲ್ಲ. ಇಲ್ಲಿ ಚಳಿಯ ಜೊತೆ ಹೊಗೆಯೂ ಬರುತ್ತದೆ.

ನನ್ನ ಅಕ್ಕನ ಮಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾನೆ. ಮೂರು ವರ್ಷ ದುಡ್ಡು ಕೂಡಿಟ್ಟು, ಎರಡೇ ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ. ಮೊದಲ ನವೆಂಬರಿನಲ್ಲೇ ಫೋನು. "ಮಾಮ, ಬೇಸಿಗೇಲಿ ನಲವತ್ತೈದು ಡಿಗ್ರಿ, ಛಾವಣಿ ತೆಗೆದ್ರೆ ತಲೆ ಸುಡುತ್ತೆ. ಮಳೆ ಬಂದ್ರೆ ಅಂಡರ್‌ಪಾಸ್ ತುಂಬ ನೀರು, ಈ ಕಾರಿನ ಹೊಟ್ಟೆ ನೆಲಕ್ಕೇ ತಾಗೋ ಹಾಗಿದೆ. ಉಳಿದಿರೋದು ಚಳಿಗಾಲ ಒಂದೇ. ಓಡಿಸಲಾ, ಮುಚ್ಚಿಡಲಾ?"

ನನಗೆ ತಿಳಿದ ವ್ಯಾವಹಾರಿಕ ಉತ್ತರ ಹೇಳಿದೆ. ಇಂಥ ಕಾರುಗಳಿಗೆ ಹಾಕುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗುತ್ತದೆ, ರಸ್ತೆ ಹಿಡಿಯುವುದಿಲ್ಲ. ಜನವರಿಯ ಬೆಳಗಿನ ಮಂಜಿನಲ್ಲಿ ಮುಂದಿನ ಲಾರಿಯೇ ಕಾಣುವುದಿಲ್ಲ. ಯಮುನಾ ಎಕ್ಸ್‌ಪ್ರೆಸ್‌ವೇನಲ್ಲಿ 100 ಕಿಲೋಮೀಟರ್ ಇದ್ದ ವೇಗದ ಮಿತಿಯನ್ನು ಚಳಿಗಾಲದಲ್ಲಿ 75ಕ್ಕೆ ಇಳಿಸುವುದು ಇದೇ ಕಾರಣಕ್ಕೆ. ಮಧ್ಯಾಹ್ನ, ಬಿಸಿಲು ಬಂದ ಮೇಲೆ, ನಿಧಾನವಾಗಿ ಓಡಿಸು ಎಂದೆ.

"ಅದು ಗೊತ್ತು ಮಾಮ. ನಾನು ಕೇಳಿದ್ದು ಹೊಗೆ ವಿಷಯ" ಎಂದ.

ಆಗ ನಾನು ಸುಮ್ಮನಾದೆ. ಚಳಿಗಾಲದಲ್ಲಿ ನೆಲಕ್ಕಂಟಿದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತುಬಿಡುತ್ತದೆ. ವಾಹನಗಳ ಹೊಗೆ, ಕಟ್ಟಡಗಳ ಧೂಳು, ಶರತ್ಕಾಲದ ಕೊನೆಗೆ ಹೊಲಗಳಲ್ಲಿ ಸುಡುವ ಭತ್ತದ ಕೂಳೆಯ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೇ. ಅದರೊಳಗೆ ಬರೀ ಖುಷಿಗಾಗಿ ಇನ್ನೊಂದು ಎಂಜಿನ್ ಉರಿಸಬಹುದೇ?

ವಿಚಿತ್ರವೆಂದರೆ, ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸಿನ್ನಾಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಎತ್ತಿದ್ದರು. ಭಾನುವಾರದ ಮಧ್ಯಾಹ್ನ ಸುಮ್ಮನೆ ಮಜಕ್ಕೆ ಪೆಟ್ರೋಲು ಕುಡಿಯುವ ಕಾರು ಓಡಿಸಿದರೆ, ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಅದು ತಪ್ಪೇ? ನನ್ನೊಂದು ಸವಾರಿಯಿಂದ ಇಂಥವರಿಗೆ ಇಂಥ ಹಾನಿ ಎಂದು ತೋರಿಸಲಾಗದು. ಆದ್ದರಿಂದ ಅದು ತಪ್ಪೆಂದು ಸಾಧಿಸುವುದು ಕಷ್ಟ. ನಮ್ಮ ನಿಜವಾದ ಕರ್ತವ್ಯ ಸರ್ಕಾರ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಎಂಬುದು ಅವರ ವಾದ. ಹನಿಗೂಡಿದರೆ ಹಳ್ಳ ಎಂದು ನಂಬಿ ಬೆಳೆದ ನಮಗೆ ಇದು ತಕರಾರು ಎನ್ನಿಸುತ್ತದೆ. ಆದರೆ ಒಂದು ಹನಿ ತೆಗೆದರೆ ಹಳ್ಳ ಬತ್ತುವುದಿಲ್ಲ ಎಂಬುದೂ ಸುಳ್ಳಲ್ಲ.

ಸರಿ, ಸರ್ಕಾರವನ್ನೇ ಕೇಳೋಣವೇ? ಗಾಳಿ ತೀರಾ ಕೆಟ್ಟಾಗ, ಮೂರನೇ ಹಂತದ ನಿರ್ಬಂಧ ಬಂದರೆ, ದೆಹಲಿ, ಗುರುಗ್ರಾಮಗಳಲ್ಲಿ ಬಿಎಸ್-3 ಪೆಟ್ರೋಲು ಕಾರು, ಬಿಎಸ್-4 ಡೀಸೆಲ್ ಕಾರು ರಸ್ತೆಗಿಳಿಯುವಂತಿಲ್ಲ. ನನ್ನ ಸೋದರಳಿಯನದು ಬಿಎಸ್-6. ಅವನು ಆರಾಮಾಗಿ ಓಡಿಸಬಹುದು. ಹಳೇ ಡೀಸೆಲ್ ಕಾರಿನಲ್ಲಿ ತಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವವನು ಮನೆಯಲ್ಲೇ ಇಡಬೇಕು. ಹಳೇ ಗಾಡಿ ಹೆಚ್ಚು ಹೊಗೆ ಉಗುಳುತ್ತದೆ, ನಿಯಮಕ್ಕೆ ಅರ್ಥವಿದೆ, ಒಪ್ಪೋಣ. ಆದರೆ ನಿಯಮ ಎಂಜಿನ್ನನ್ನು ನೋಡುತ್ತದೆಯೇ ಹೊರತು ಯಾತಕ್ಕೆ ಹೊರಟಿದ್ದೀರಿ ಎಂದು ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ನನಗೆ ಉತ್ತರ ಹೊಳೆದದ್ದು ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ರಾತ್ರಿ ಪಾಳಿಯ ಕಾವಲುಗಾರ ಒಣ ಕಡ್ಡಿ, ರಟ್ಟು ಸೇರಿಸಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಬಯಲಲ್ಲಿ ಬೆಂಕಿ ಹಾಕುವಂತಿಲ್ಲ, ಕಾವಲುಗಾರರಿಗೆ ಹೀಟರ್ ಕೊಡಿ ಎಂದು ಆದೇಶವಿದೆ. ನಮ್ಮ ಸಂಘ ಬೆಂಕಿ ಆರಿಸಲು ಹೇಳಿತು, ಹೀಟರ್ ತರಲು ಮೂರು ವಾರ ತೆಗೆದುಕೊಂಡಿತು. ಆ ಸಭೆಯಲ್ಲಿ ನಾನೂ ಇದ್ದೆ, ತಲೆಯಾಡಿಸಿದೆ. ನಾವೆಲ್ಲ ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಹಾಕಿಕೊಂಡು ಮಲಗುತ್ತೇವೆ. ಅವನಿಗೆ ಮುಚ್ಚಲು ಕಿಟಕಿಯೇ ಇಲ್ಲ.

ನನ್ನ ಹನಿಯಿಂದ ಹಳ್ಳ ಎಷ್ಟು ಏರಿತು ಎಂಬ ಲೆಕ್ಕ ಆಗ ಸಣ್ಣದಾಗಿ ಕಂಡಿತು. ಚಳಿ ತಡೆಯಲಾರದವನ ಕಡ್ಡಿಯ ಬೆಂಕಿಯನ್ನು ಆರಿಸಿದವರು ನಾವು. ನಮ್ಮ ಮಜದ ಬೆಂಕಿಯನ್ನು ಉರಿಸಿಕೊಂಡು ಅವನ ಮುಂದೆಯೇ ಗೇಟು ದಾಟುವುದಾದರೂ ಹೇಗೆ? ಹೊಗೆ ಕಡಿಮೆ ಮಾಡಬೇಕಾದಾಗ ಮೊದಲು ಬಿಡಬೇಕಾದ್ದು ಇಲ್ಲದಿದ್ದರೂ ನಡೆಯುವಂಥದ್ದನ್ನು. ಇದು ಮನೆಯ ಖರ್ಚಿಗೂ ಅನ್ವಯಿಸುವ ಸಾಮಾನ್ಯ ತಿಳಿವಳಿಕೆ.

ಇಷ್ಟನ್ನು ಹುಡುಗನಿಗೆ ಹೇಳಿದೆ. ಅವನು ನಕ್ಕ. "ಮಾಮ, ನಾನು ಓಡಿಸೋದು ತಿಂಗಳಿಗೆ ಎರಡು ಸಲ. ನೀವು ದಿನಾ ಒಬ್ಬರೇ ಕಾರಲ್ಲಿ ಆಫೀಸಿಗೆ ಹೋಗ್ತೀರಿ. ಮೆಟ್ರೋ ಸ್ಟೇಷನ್ನು ಮನೆ ಹಿಂದೇನೇ ಇದೆ."

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನನ್ನದನ್ನು ಅಗತ್ಯವೆಂದೂ ಅವನದನ್ನು ಶೋಕಿಯೆಂದೂ ನಾನೇ ಹೆಸರಿಟ್ಟುಕೊಂಡಿದ್ದೆ.

ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ನಿರ್ಬಂಧ ಜಾರಿಯಾದ ದಿನಗಳಲ್ಲಿ ಅವನ ಕಾರಿಗೆ ಹೊದಿಕೆ, ನನಗೆ ಮೆಟ್ರೋ. ಫೆಬ್ರವರಿ ಕೊನೆಗೆ ಗಾಳಿ ಬೀಸತೊಡಗಿ ಹೊಗೆ ಚದುರುತ್ತದೆ, ಬಿಸಿಲಿನ್ನೂ ಸುಡುವುದಿಲ್ಲ. ಆ ಮೂರು ನಾಲ್ಕು ವಾರ ಅವನದು. ಕಳೆದ ಚಳಿಗಾಲದಲ್ಲಿ ಅವನು ಒಮ್ಮೆ ಮಾತು ತಪ್ಪಿದ. ನಾನು ಐದು ಸಲ.