ಕಡತ ತೆರೆಯುವ ಹಕ್ಕು ಯಾರದು?

ಕಂಪ್ಯೂಟರಿನಲ್ಲಿ ಪಿಡಿಎಫ್ ಒಂದರ ಮೇಲೆ ಕ್ಲಿಕ್ ಮಾಡಿದರೆ ಅದು ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಹಾಗೆ ತೆರೆ ಎಂದು ನಾವೇನೂ ಹೇಳಿರುವುದಿಲ್ಲ. ಬೇಡವೆನಿಸಿದರೆ ಮೌಸಿನ ಬಲಗುಂಡಿ ಒತ್ತಿ, 'ಓಪನ್ ವಿತ್' ಆರಿಸಿ, ಬೇರೆ ಪ್ರೋಗ್ರಾಮ್ ತೋರಿಸಿ, ಇನ್ನು ಮುಂದೆ ಯಾವಾಗಲೂ ಇದರಲ್ಲೇ ಎಂದು ಸೂಚಿಸಬೇಕು. ಅರ್ಧ ನಿಮಿಷದ ಕೆಲಸ. ಆದರೆ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ನಮ್ಮ ಹಳೆಯ ಜಗಳವೇ ಕಾಣಿಸುತ್ತದೆ: ಬರಹವೊಂದು ಹೇಗೆ ತೆರೆದುಕೊಳ್ಳಬೇಕೆಂದು ನಿರ್ಧರಿಸುವವರು ಬರೆದವರೋ, ಓದುವವರೋ, ನಡುವೆ ನಿಂತವರೋ?

ಹಳೆಯ ಮ್ಯಾಕ್ ಕಂಪ್ಯೂಟರು ಬರೆದವರ ಪಕ್ಷ. ಅಲ್ಲಿ ಕಡತಕ್ಕೆ ನಾಲ್ಕು ನಾಲ್ಕು ಅಕ್ಷರಗಳ ಎರಡು ಗುರುತುಗಳಿರುತ್ತಿದ್ದವು. ಒಂದು ಅದು ಯಾವ ಬಗೆಯ ಕಡತವೆಂದು ಹೇಳಿದರೆ, ಇನ್ನೊಂದು ಅದನ್ನು ಹುಟ್ಟಿಸಿದ ಪ್ರೋಗ್ರಾಮ್ ಯಾವುದೆಂದು ಹೇಳುತ್ತಿತ್ತು. ಒಂದೇ ಬಗೆಯ ಎರಡು ಕಡತಗಳು ತಂತಮ್ಮ ತವರಿನಲ್ಲೇ ತೆರೆದುಕೊಳ್ಳುತ್ತಿದ್ದವು. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಆಪಲ್ ಆ ತವರಿನ ಗುರುತಿಗೆ ಬೆಲೆ ಕೊಡುವುದನ್ನು ಬಿಟ್ಟಿತು. ವಿಂಡೋಸ್ ನೋಡುವುದು ಹೆಸರಿನ ಬಾಲವನ್ನು ಮಾತ್ರ. (ಬಾಲ ಬರೀ ಹಣೆಪಟ್ಟಿ. ವರ್ಡಿನ 'ಡಾಕ್ಸ್' ಕಡತದ ಬಾಲ ಬದಲಿಸಿ 'ಜಿಪ್' ಎಂದಿಡಿ, ಗಂಟು ಬಿಚ್ಚಿಕೊಂಡು ಒಳಗಿನ ಎಕ್ಸ್‌ಎಂಎಲ್ ತುಣುಕುಗಳು ಕಾಣುತ್ತವೆ. ಅದು ಮೊದಲಿನಿಂದಲೂ ಜಿಪ್ಪೇ.)

ನಡುವೆ ನಿಂತವರ ಆಸೆ ಸಣ್ಣದಲ್ಲ. ಬ್ರೌಸರ್ ಆಯ್ಕೆಯ ಪರದೆಯನ್ನು ತೋರಿಸುತ್ತೇನೆಂದು ಕೊಟ್ಟ ಮಾತಿಗೆ ತಪ್ಪಿದ್ದಕ್ಕಾಗಿ ಯುರೋಪಿಯನ್ ಆಯೋಗ 2013ರಲ್ಲಿ ಮೈಕ್ರೋಸಾಫ್ಟಿಗೆ 56.1 ಕೋಟಿ ಯೂರೋ ದಂಡ ಹಾಕಿತು. 2021ರಲ್ಲಿ ವಿಂಡೋಸ್ 11 ಬಂದಾಗ ಬ್ರೌಸರ್ ಬದಲಿಸಲು ಒಂದೊಂದು ಬಗೆಯ ಕಡತಕ್ಕೂ ಬೇರೆಬೇರೆಯಾಗಿ ಹೇಳಬೇಕಿತ್ತು. ಟೀಕೆ ಬಂದ ಮೇಲೆ ಮರುವರ್ಷ ಒಂದೇ ಗುಂಡಿ ಬಂತು. ಆಯ್ಕೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ, ದಾರಿಯನ್ನು ಉದ್ದ ಮಾಡಿದ್ದರು ಅಷ್ಟೆ. ದಾರಿ ಉದ್ದವಾದರೆ ಹೆಚ್ಚಿನವರು ಹೋಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಇದನ್ನು ಬಲವಂತ ಎನ್ನಬಹುದೇ? ನಾನು ಎನ್ನುತ್ತೇನೆ.

ಹಾಗಾದರೆ ಹಕ್ಕು ಓದುವವರದು ಎಂದುಬಿಡಬಹುದೇ? ಇಲ್ಲಿ ಕನ್ನಡ ನನ್ನನ್ನು ತಡೆಯುತ್ತದೆ. ಸಂಶೋಧನೆಗೆಂದು ನನ್ನ ಕೈಗೆ ಬರುವ ಹಳೆಯ ಕಡತಗಳಲ್ಲಿ ಹಲವು ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿವೆ. ಅಲ್ಲಿ ಕನ್ನಡದ ತುಂಡುಗಳು ಇಂಗ್ಲಿಷಿನಂಥ ಲಿಪಿಯ ಸಂಕೇತಗಳ ಜಾಗದಲ್ಲಿ ಕೂತಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಯಾವ ಪ್ರೋಗ್ರಾಮಿನಿಂದ ತೆರೆದರೂ ಕಾಣುವುದು ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. 'ಓಪನ್ ವಿತ್' ಪಟ್ಟಿ ಎಷ್ಟು ಉದ್ದವಿದ್ದರೇನು! ಓದುವವರ ಆಯ್ಕೆ, ಉಳಿಸುವ ಹೊತ್ತಿನಲ್ಲೇ ಬರೆದವರ ಕೈಯಲ್ಲಿ ಮುಗಿದುಹೋಗಿದೆ. ಆ ಕಾಲದವರನ್ನು ದೂರಲಾರೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಅವರಿಗಿದ್ದ ದಾರಿ ಅದು. ಆದರೆ ಇಂದೂ ಪ್ರಬಂಧವನ್ನು ಹಾಗೆಯೇ ಉಳಿಸುವವರಿಗೆ ಆ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಕಾಣದ ಓದುಗರಿಗೆ ನಾವು ಬಾಕಿಯಿರುವುದು ಒಳ್ಳೆಯ ವಾಕ್ಯಗಳಷ್ಟೇ ಅಲ್ಲ.

ಪರಿವರ್ತಕಗಳಿವೆ, ನಿಜ. ಮೊನ್ನೆ ಒಂದು ಅಧ್ಯಾಯವನ್ನು ಯೂನಿಕೋಡಿಗೆ ಹಾಕಿದೆ. ಕನ್ನಡ ಬಹುಪಾಲು ಸರಿಯಾಗಿ ಬಂತು. ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳು ಮಾತ್ರ, ಅವನ್ನೂ ಕನ್ನಡವೆಂದೇ ತಿಳಿದ ಯಂತ್ರದ ದಯೆಯಿಂದ, ಯಾವ ಭಾಷೆಯದೂ ಅಲ್ಲದ ಒತ್ತಕ್ಷರಗಳಾಗಿ ಸಾಲುಗಟ್ಟಿ ನಿಂತಿವೆ. ಈಗ ಒಂದೊಂದನ್ನೇ ಕೈಯಲ್ಲಿ ತಿದ್ದುತ್ತಿದ್ದೇನೆ.